ಹಳೇ ಎನ್‌ಬಿಎ ಫೈನಲ್ಸ್ ನೋಡೋಕೆ ಚಂದಾ: ಮೂರು ವರ್ಷ ಆದ ಮೇಲೆ

ನನ್ನ ಅಂಕ: 5ಕ್ಕೆ 3.5

ಈ ಸ್ಟ್ರೀಮಿಂಗ್ ಸೇವೆ ತಗೊಂಡಿದ್ದು ಒಂದೇ ಒಂದು ಪಂದ್ಯಕ್ಕಾಗಿ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 1998ರ ಫೈನಲ್ಸ್, ಆರನೇ ಪಂದ್ಯ. (ಫೈನಲ್ಸ್ ಅಂದರೆ ಹೆಚ್ಚೆಂದರೆ ಏಳು ಪಂದ್ಯದ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಕಪ್.) ಮೈಕಲ್ ಜೋರ್ಡನ್ ಕೊನೇ ಶಾಟ್ ಹೊಡೆದು ಕೈ ಹಾಗೇ ಮೇಲೆತ್ತಿ ನಿಂತ ತುಣುಕನ್ನು ಫೋನಿನಲ್ಲಿ ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಪೂರ್ತಿ ಪಂದ್ಯ ನೋಡಿದಾಗ ಆ ಶಾಟ್‌ಗಿಂತ ಅದರ ಹಿಂದಿನ ಅರ್ಧ ನಿಮಿಷವೇ ಜಾಸ್ತಿ ಹಿಡಿಸಿತು. ಜೋರ್ಡನ್‌ನ ತಂಡ ಶಿಕಾಗೋ ಬುಲ್ಸ್ 3 ಅಂಕ ಹಿಂದೆ. ಜೋರ್ಡನ್ ನುಗ್ಗಿ 2 ಅಂಕ ತೆಗೆದ. ಆಮೇಲೆ ಎದುರಾಳಿ ಯೂಟಾ ಜಾಝ್‌ನ ಕಾರ್ಲ್ ಮಲೋನ್ ಕೈಯಿಂದ ಚೆಂಡು ಕಿತ್ತುಕೊಂಡ. ಬುಲ್ಸ್ ಕೋಚ್ ಫಿಲ್ ಜಾಕ್ಸನ್ ಟೈಮ್‌ಔಟ್ ಕೇಳಲಿಲ್ಲ. ಅದಾದ ಮೇಲೆ ಬಂದಿದ್ದು ಆ ಶಾಟ್. 87-86, ಉಳಿದಿದ್ದು 5.2 ಸೆಕೆಂಡ್.

ಅಲ್ಲಿಂದ ಚಟ ಹತ್ತಿತು.

1970ರ ಏಳನೇ ಪಂದ್ಯದ ಬಗ್ಗೆ ಎಲ್ಲರೂ ಹೇಳುವುದು ಒಂದೇ ಕತೆ. ಕಾಲು ನೋವಿದ್ದ ವಿಲಿಸ್ ರೀಡ್ ಕುಂಟುತ್ತಾ ಅಂಗಳಕ್ಕೆ ಬಂದ, ಮೊದಲ ಎರಡು ಶಾಟ್ ಹಾಕಿದ, ಅವನ ತಂಡ ನ್ಯೂಯಾರ್ಕ್ ನಿಕ್ಸ್ ಗೆದ್ದಿತು. ಸರಿ. ಆದರೆ ರೀಡ್ ಹಾಕಿದ್ದು ಅವೆರಡೇ ಶಾಟ್. ಅವತ್ತು ಎದುರಾಳಿ ಲೇಕರ್ಸ್ ತಂಡವನ್ನು ಅರೆದು ಹಾಕಿದ್ದು ನಿಕ್ಸ್‌ನದೇ ವಾಲ್ಟ್ ಫ್ರೇಜಿಯರ್: 36 ಅಂಕ, 19 ಅಸಿಸ್ಟ್ (ಜೊತೆಗಾರ ಅಂಕ ತೆಗೆಯುವಂತೆ ಕೊಟ್ಟ ಪಾಸ್). ಪಾಪ, ಅವನ ಆಟ ಸಣ್ಣ ವಿಡಿಯೋಗೆ ಹಿಡಿಯುವಂಥದ್ದಲ್ಲ. ಕುಂಟುವವನ ಮೇಲೆಯೇ ಕ್ಯಾಮೆರಾಗೆ ಪ್ರೀತಿ ಜಾಸ್ತಿ ಅಲ್ವಾ?

1980ರ ಆರನೇ ಪಂದ್ಯ ನಾಲ್ಕು ಸಲ ನೋಡಿದ್ದೇನೆ. ಲೇಕರ್ಸ್‌ನ ಕರೀಮ್ ಅಬ್ದುಲ್-ಜಬ್ಬಾರ್ ಗಾಯಗೊಂಡು ಆಡಲಿಲ್ಲ. ಅವನ ಜಾಗದಲ್ಲಿ ಸೆಂಟರ್ ಆಗಿ (ಸಾಮಾನ್ಯವಾಗಿ ತಂಡದ ಅತಿ ಎತ್ತರದವನ ಜಾಗ) ನಿಂತವನು 20 ವರ್ಷದ ಮ್ಯಾಜಿಕ್ ಜಾನ್ಸನ್, ಮೊದಲ ವರ್ಷದ ಹುಡುಗ. 42 ಅಂಕ, 15 ರೀಬೌಂಡ್ (ಗುರಿ ತಪ್ಪಿ ಬಂದ ಚೆಂಡು ಹಿಡಿಯುವುದು). ತಮಾಷೆ ಅಂದರೆ ಆ ಪಂದ್ಯವನ್ನು ಅಮೆರಿಕದ ಹೆಚ್ಚಿನ ಊರುಗಳಲ್ಲಿ ಟಿವಿಯವರು ಲೈವ್ ತೋರಿಸಲೇ ಇಲ್ಲ. ರೆಕಾರ್ಡ್ ಮಾಡಿಟ್ಟು ರಾತ್ರಿ 11.30ಕ್ಕೆ ಹಾಕಿದರು. ಜೂನ್ ಬಂದರೆ ಫೈನಲ್ಸ್ ಲೈವ್ ನೋಡೋಕೆ ಬೆಳಗ್ಗೆ ಆರಕ್ಕೆಲ್ಲ ಕಾಫಿ ಹಿಡಿದು ಟಿವಿ ಮುಂದೆ ಕೂರಬೇಕಲ್ಲ ಅಂತ ಗೊಣಗುವುದನ್ನು ಅವತ್ತಿಗೆ ಬಿಟ್ಟೆ.

ಈಗ ಬೇಜಾರಿನ ವಿಷಯ. ಜಾಹೀರಾತಿನಲ್ಲಿ 1947ರಿಂದ ಇವತ್ತಿನವರೆಗೆ ಅಂತ ಹೇಳಿಕೊಂಡಿದ್ದಾರೆ. ಮೊದಲ ಫೈನಲ್ಸ್‌ನಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್ ಶಿಕಾಗೋ ಸ್ಟ್ಯಾಗ್ಸ್ ತಂಡವನ್ನು 4-1ರಿಂದ ಸೋಲಿಸಿತ್ತು. ಅದಕ್ಕೆ ಇಲ್ಲಿ ಸಿಗುವುದು ಒಂದು ಫೋಟೋ, ಅರ್ಧ ಪುಟ ಬರಹ. 1957ರಿಂದ 1969ರವರೆಗೆ 13 ವರ್ಷದಲ್ಲಿ 11 ಸಲ ಗೆದ್ದ ಬಾಸ್ಟನ್ ಸೆಲ್ಟಿಕ್ಸ್‌ಗೂ ಇದೇ ಗತಿ. ಆಟಗಾರನಾಗಿ ಎಲ್ಲರಿಗಿಂತ ಜಾಸ್ತಿ ಸಲ ಗೆದ್ದ ಸೆಲ್ಟಿಕ್ಸ್‌ನ ಬಿಲ್ ರಸೆಲ್ ಇಲ್ಲಿ ಎಲ್ಲರಿಗಿಂತ ಕಮ್ಮಿ ಹೊತ್ತು ಕಾಣುತ್ತಾನೆ. 1969ರಲ್ಲಿ ಲೇಕರ್ಸ್ ಮಾಲೀಕ ಗೆದ್ದೇ ಗೆಲ್ತೀವಿ ಅಂತ ಸೂರಿಗೆ ಬಲೂನು ಕಟ್ಟಿಸಿ 2 ಅಂಕದಿಂದ ಸೋತ ಪಂದ್ಯವೂ ಎರಡೇ ನಿಮಿಷ. ಆ ಕಾಲದ ಪ್ರಸಾರಗಳಲ್ಲಿ ಎಷ್ಟೋ ಉಳಿದೇ ಇಲ್ಲ, ಅದು ಇವರ ತಪ್ಪಲ್ಲ. ಆದರೆ ಹಾಗಂತ ಮೊದಲೇ ಹೇಳಬಹುದಿತ್ತು.

ಚಂದಾ ಎರಡು ಸಲ ಏರಿತು. ಕಸ್ಟಮರ್ ಕೇರ್‌ಗೆ ಬರೆದರೆ ಸಿದ್ಧ ಉತ್ತರ. ಅದಿರಲಿ.

ನನಗೆ ನಿಜವಾಗಿ ಸಿಟ್ಟು ಬರುವುದು ವಿಡಿಯೋ ಪಟ್ಟಿ ನೋಡಿದಾಗ. 2013ರ ಆರನೇ ಪಂದ್ಯವನ್ನು ಮಗಳಿಗೆ ತೋರಿಸಬೇಕಿತ್ತು. ಅವಳಿಗೆ ಫಲಿತಾಂಶ ಗೊತ್ತಿಲ್ಲ. ಸ್ಯಾನ್ ಆಂಟೋನಿಯೋ ಸ್ಪರ್ಸ್ 3-2ರಿಂದ ಮುಂದೆ. ಕೊನೇ 28 ಸೆಕೆಂಡ್ ಇರುವಾಗ ಮಯಾಮಿ ಹೀಟ್ 5 ಅಂಕ ಹಿಂದೆ. ಸ್ಪರ್ಸ್ ಸಂಭ್ರಮಕ್ಕೆ ಅಂಗಳದ ಸುತ್ತ ಹಳದಿ ಹಗ್ಗ ಬೇರೆ ತಂದಿದ್ದರು. ಆಗ ಹೀಟ್‌ನ ರೇ ಅಲೆನ್ ಮೂಲೆಗೆ ಹಿಂದೆ ಸರಿದು ತ್ರೀ (ದೂರದಿಂದ ಹಾಕುವ 3 ಅಂಕದ ಶಾಟ್) ಹಾಕಿ ಸಮ ಮಾಡಿದ. ಮತ್ತೆ ಅದೇ 5.2 ಸೆಕೆಂಡ್! ನಾನು ಸೋಫಾದಿಂದ ಎದ್ದು ಕುಣಿದರೆ ಮಗಳು ತಣ್ಣಗೆ ಕೂತಿದ್ದಳು. ಪರದೆಯ ಕೆಳಗೆ ಏಳನೇ ಪಂದ್ಯದ ಚಿತ್ರ ಮೊದಲಿನಿಂದಲೂ ಇತ್ತಂತೆ. ಏಳನೆಯದು ಇದೆ ಅಂದ ಮೇಲೆ ಆರನೆಯದರಲ್ಲಿ ಹೀಟ್ ಸೋಲೋದು ಹೇಗೆ ಅಪ್ಪಾ ಅಂದಳು.

ಈಗ ಪಂದ್ಯ ಹಾಕುವ ಮುಂಚೆ ಟಿವಿಯ ಕೆಳಭಾಗಕ್ಕೆ ಪೇಪರ್ ಅಂಟಿಸುತ್ತೇನೆ. ಮುಂದಿನ ವರ್ಷಕ್ಕೂ ದುಡ್ಡು ಕಟ್ಟಿದ್ದಾಯ್ತು. ಸದ್ಯ 1984ರ ಸರಣಿ ನಡೀತಿದೆ, ಸೆಲ್ಟಿಕ್ಸ್‌ನ ಲ್ಯಾರಿ ಬರ್ಡ್ ಮತ್ತು ಲೇಕರ್ಸ್‌ನ ಮ್ಯಾಜಿಕ್ ಎದುರುಬದುರಾದದ್ದು. ಅದು ಏಳು ಪಂದ್ಯದವರೆಗೆ ಹೋಗುತ್ತದೆ ಅಂತ ಮಗಳಿಗೆ ಇನ್ನೂ ಗೊತ್ತಿಲ್ಲ.