ಸ್ಪಿನ್ ಸರಪಳಿಯ ಹೆಣಿಗೆ: ಇಡಿಯಾಗಿ ಅಳೆಯುವುದೋ, ಆರಿಸಿ ಅಳೆಯುವುದೋ?

ಹೈಸನ್‌ಬರ್ಗ್ ಸ್ಪಿನ್ ಸರಪಳಿಯನ್ನು, ಅಂದರೆ ಅಕ್ಕಪಕ್ಕದವು ಒಂದನ್ನೊಂದು ಪ್ರಭಾವಿಸುವ ಪುಟ್ಟ ಕ್ವಾಂಟಮ್ ಕಾಂತಗಳ ಸಾಲನ್ನು, ನಟ್ಟನಡುವೆ ಕತ್ತರಿಸಿದರೆ ಎರಡು ಅರ್ಧಗಳು ಒಂದಕ್ಕೊಂದು ಎಷ್ಟು ಹೆಣೆದುಕೊಂಡಿವೆ? ಈ ಹೆಣಿಗೆಯ ಅಳತೆಯಾದ ಎಂಟ್ಯಾಂಗಲ್‌ಮೆಂಟ್ ಎಂಟ್ರಪಿಯನ್ನು 16 ಜಿಬಿ ಮೆಮೊರಿಯ ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ವಿಧಾನಗಳಿಂದ ಲೆಕ್ಕ ಹಾಕಿ ನೋಡಿದೆ.

ಮೊದಲನೆಯದು ಎಕ್ಸಾಕ್ಟ್ ಡಯಾಗನಲೈಸೇಶನ್. ಚುಟುಕಾಗಿ ಇಡಿ. ಕನ್ನಡದ ಕಿವಿಗೂ ಒಪ್ಪುವ ಹೆಸರು, ಏಕೆಂದರೆ ಇದು ಸರಪಳಿಯ ಸ್ಥಿತಿಯನ್ನು ಹೇಳುವ ವೇವ್‌ಫಂಕ್ಷನ್ನನ್ನು ಇಡಿಯಾಗಿಯೇ ಇಟ್ಟುಕೊಳ್ಳುತ್ತದೆ. ಎರಡೇ ಸ್ಪಿನ್ ಇಟ್ಟಾಗ ಉತ್ತರ 0.693, ಅಂದರೆ ಲಾಗ್ 2, ಬರಬೇಕು. ಅದು ಬರುವವರೆಗೆ ನಾನು ಮುಂದೆ ಹೋಗುವುದಿಲ್ಲ. ಒಟ್ಟು ಸ್ಪಿನ್ ಘಟಕ ಸೊನ್ನೆಯಿರುವ (ಮೇಲ್ಮುಖ, ಕೆಳಮುಖ ಸ್ಪಿನ್‌ಗಳು ಸಮವಾಗಿರುವ) ವಲಯದಲ್ಲಿ 24 ಸ್ಪಿನ್‌ಗಳಿಗೆ 27,04,156 ಸ್ಥಿತಿಗಳು, ಸಲೀಸಾಗಿ ಮುಗಿಯಿತು. 32ಕ್ಕೆ ಹೋದರೆ ಸ್ಥಿತಿಗಳು 60 ಕೋಟಿ ದಾಟುತ್ತವೆ, ಒಂದು ವೆಕ್ಟರಿಗೇ 4.8 ಜಿಬಿ. ತಳಸ್ಥಿತಿಯನ್ನು, ಅಂದರೆ ಅತಿ ಕಡಿಮೆ ಶಕ್ತಿಯ ಸ್ಥಿತಿಯನ್ನು, ಹಂತ ಹಂತವಾಗಿ ಹುಡುಕುವ ಲ್ಯಾಂಕ್‌ಜೋಸ್ ಕ್ರಮದಲ್ಲಿ ನನಗೆ ಅಂಥ ಮೂರು ಬೇಕಿತ್ತು. ಲ್ಯಾಪ್‌ಟಾಪ್ ಅಲ್ಲಿಗೆ ಕೈಚೆಲ್ಲಿತು.

ಎರಡನೆಯ ವಿಧಾನ, ಭೌತವಿಜ್ಞಾನಿ ಸ್ಟೀವನ್ ವೈಟ್ 1992ರಲ್ಲಿ ಮುಂದಿಟ್ಟ ಡಿಎಂಆರ್‌ಜಿ (ಡೆನ್ಸಿಟಿ ಮ್ಯಾಟ್ರಿಕ್ಸ್ ರಿನಾರ್ಮಲೈಸೇಶನ್ ಗ್ರೂಪ್), ಪ್ರತಿ ಕತ್ತರಿಯಲ್ಲೂ ತೂಕವಿರುವ ಸ್ಥಿತಿಗಳನ್ನಷ್ಟೇ ಆರಿಸಿಕೊಂಡು ಉಳಿದದ್ದನ್ನು ಬಿಡುತ್ತದೆ. 100 ಸ್ಪಿನ್, ಬಾಂಡ್ ಡೈಮೆನ್ಷನ್ (ಪ್ರತಿ ಕತ್ತರಿಯಲ್ಲಿ ಉಳಿಸಿಕೊಳ್ಳುವ ಸ್ಥಿತಿಗಳ ಮಿತಿ) 200 ಎಂದರೂ ಹೆಚ್ಚೆಂದರೆ 80 ಲಕ್ಷ ಸಂಖ್ಯೆಗಳು, 64 ಎಂಬಿ! ಈ ಸರಪಳಿಯ ತಳಸ್ಥಿತಿಯಲ್ಲಿ ಎಂಟ್ರಪಿ ಉದ್ದದ ಲಾಗ್‌ನಂತೆ ನಿಧಾನವಾಗಿ ಏರುವುದರಿಂದಲೇ ಇದು ಸಾಧ್ಯ.

ಆದರೆ ನಾನು ಎಡವಿದ್ದೂ ಇಲ್ಲೇ. ಎಂಟ್ರಪಿಯ ಏರಿಕೆಯಿಂದ ಸೆಂಟ್ರಲ್ ಚಾರ್ಜ್, ಅಂದರೆ ಆ ಲಾಗ್ ಏರಿಕೆಯ ವೇಗವನ್ನು ನಿರ್ಧರಿಸುವ ಸಂಖ್ಯೆ, 1 ಎಂದು ಬರಬೇಕಿತ್ತು. ನನ್ನ ಗ್ರಾಫ್ ಗರಗಸದ ಹಲ್ಲಿನಂತೆ ಏರಿಳಿಯುತ್ತಿತ್ತು, ರೇಖೆ ಕೂಡಿಸಿದರೆ ಸಿಕ್ಕಿದ್ದು ಅರ್ಥವಿಲ್ಲದ ಸಂಖ್ಯೆ. ಕೋಡಿನಲ್ಲಿ ತಪ್ಪು ಹುಡುಕಿ ಎರಡು ದಿನ ಹೋಯಿತು. ತಪ್ಪು ಕೋಡಿನದಲ್ಲ. ತೆರೆದ ತುದಿಗಳ ಸರಪಳಿಯಲ್ಲಿ ಒಂದು ಬಂಧ ಬಲ, ಮುಂದಿನದು ಸಡಿಲ, ಹೀಗೆ ಸರದಿ ನಡೆಯುತ್ತದೆ. ಬಲವಾದದ್ದನ್ನು ಕತ್ತರಿಸಿದಾಗ ಎಂಟ್ರಪಿ ಹೆಚ್ಚು. ಇಡಿಯಲ್ಲಿ ನಾನು ತುದಿಗಳನ್ನು ಜೋಡಿಸಿ ಉಂಗುರ ಮಾಡಿದ್ದರಿಂದ ಇದು ಕಣ್ಣಿಗೇ ಬಿದ್ದಿರಲಿಲ್ಲ. ಸಮ, ಬೆಸ ಕತ್ತರಿಗಳನ್ನು ಬೇರೆಯಾಗಿ ನೋಡಿದ ಮೇಲೆ ಚಿತ್ರ ತಿಳಿಯಾಯಿತು.

ತಳಸ್ಥಿತಿಗೆ ಹಾಗಾದರೆ ಡಿಎಂಆರ್‌ಜಿಯೇ ಸರಿ, ನನಗೆ ಅನುಮಾನವಿಲ್ಲ. ಕಾಲ ಚಲಿಸತೊಡಗಿದರೆ ಮಾತು ಬೇರೆ. ಮೇಲೆ, ಕೆಳಗೆ, ಮೇಲೆ ಎಂದು ಜೋಡಿಸಿದ ಸ್ಪಿನ್‌ಗಳನ್ನು ಹರಿಯಬಿಟ್ಟರೆ ಎಂಟ್ರಪಿ ಕಾಲದೊಂದಿಗೆ ನೇರವಾಗಿ ಏರುತ್ತದೆ. ಬಾಂಡ್ ಡೈಮೆನ್ಷನ್ 200 ಹಿಡಿದಿಡಬಲ್ಲದ್ದು ಲಾಗ್ 200, ಸುಮಾರು 5.3 ಮಾತ್ರ. ಅದರ ಹತ್ತಿರ ಬರುವ ಮೊದಲೇ ಉತ್ತರ ನಂಬಿಕೆ ಕಳೆದುಕೊಳ್ಳುತ್ತದೆ. ಇಡಿಗೆ ಈ ಕಷ್ಟವಿಲ್ಲ. 20 ಸ್ಪಿನ್‌ಗಳ 1,84,756 ಸ್ಥಿತಿಗಳು ಹೆಣಿಗೆ ಎಷ್ಟೇ ಬಿಗಿಯಾದರೂ ಅಷ್ಟೇ. ಹಾಗಾಗಿ ಈಗ ಮೊದಲು 20 ಸ್ಪಿನ್‌ಗಳನ್ನು ಎರಡರಲ್ಲೂ ಓಡಿಸಿ ಗೆರೆಗಳು ಎಲ್ಲಿ ಬೇರೆಯಾಗುತ್ತವೆ ಎಂದು ನೋಡುತ್ತೇನೆ, ಆಮೇಲಷ್ಟೇ 100ಕ್ಕೆ ಕೈ ಹಾಕುವುದು.