ನಕ್ಷತ್ರ ನೋಡಲು ಯಾವ ಟಾರ್ಚ್: ಬಿಳಿಯೋ, ಕೆಂಪೋ?

ನನ್ನ ಆಯ್ಕೆ ಕೆಂಪು. ಕಾರಣ ಇರುವುದು ಟಾರ್ಚ್‌ನಲ್ಲಲ್ಲ, ಕಣ್ಣಿನೊಳಗೆ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದಲ್ಲಿ.

ಅಲ್ಲಿ ನೋಟಕ್ಕೆ ದುಡಿಯುವ ಕೋಶಗಳು ಎರಡು ಬಗೆ. ಶಂಕುಕೋಶಗಳು ಸುಮಾರು 60 ಲಕ್ಷ. ಬಣ್ಣ, ಓದು, ಹಗಲಿನ ನೋಟ ಇವುಗಳ ಕೆಲಸ. ದಂಡಕೋಶಗಳು ಸುಮಾರು 12 ಕೋಟಿ. ಇವು ಮಂದ ಬೆಳಕಿಗೆ. ದಂಡಕೋಶದೊಳಗೆ ಬೆಳಕು ಹೀರುವ ರೋಡಾಪ್ಸಿನ್ ಎಂಬ ಅಣುವಿನ ಆಕಾರ ಬದಲಾಗಲು ಬೆಳಕಿನ ಒಂದೇ ಒಂದು ಕಣ ಸಾಕು! ಆದರೆ ಜೋರು ಬೆಳಕು ಬಿದ್ದರೆ ಬಹುಪಾಲು ರೋಡಾಪ್ಸಿನ್ ಖರ್ಚಾಗಿಬಿಡುತ್ತದೆ. ಅದು ಮತ್ತೆ ತುಂಬಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು.

ಬಿಳಿ ಟಾರ್ಚ್‌ನಲ್ಲಿ ನೀಲಿ, ಹಸಿರು ಬೆಳಕು ಜಾಸ್ತಿ. ರೋಡಾಪ್ಸಿನ್ ಚೆನ್ನಾಗಿ ಹೀರುವುದು ಸುಮಾರು 500 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು, ಅಂದರೆ ನೀಲಿ-ಹಸಿರನ್ನೇ. ಒಮ್ಮೆ ಹಚ್ಚಿದರೆ ಕಾದದ್ದೆಲ್ಲ ವ್ಯರ್ಥ ಅಲ್ವಾ?

640 ನ್ಯಾನೋಮೀಟರ್ ದಾಟಿದ ಕೆಂಪನ್ನು ದಂಡಕೋಶಗಳು ಹೀರುವುದು ತೀರಾ ಕಡಿಮೆ. ಕೆಲವು ಶಂಕುಕೋಶಗಳಿಗೆ ಮಾತ್ರ ಅದು ಚೆನ್ನಾಗಿ ಕಾಣುತ್ತದೆ. ಹಾಗಾಗಿ ನಕ್ಷೆ ಓದಬಹುದು, ಕತ್ತಲಿನ ನೋಟವೂ ಉಳಿಯುತ್ತದೆ. ಆದರೆ ಕೆಂಪು ಎಂದು ಸುಮ್ನೆ ಜೋರಾಗಿ ಹಚ್ಚಬೇಡಿ, ಪ್ರಖರವಾದರೆ ಅದೂ ಕೆಡಿಸುತ್ತದೆ. ಇನ್ನು ಕೆಂಪು ಬೆಳಕಿನಲ್ಲಿ ಬಿಳಿ ಹಾಳೆಯ ಮೇಲಿನ ಕೆಂಪು ಗೆರೆಗಳಂತೂ ಮಾಯವಾಗುತ್ತವೆ.

ಚಂದ್ರನನ್ನಷ್ಟೇ ನೋಡುವವರಿಗೆ ಬಿಳಿಯೇ ಸಾಕು. ಬಿದ್ದ ಸ್ಕ್ರೂ ಹುಡುಕಲು, ಕಲ್ಲುಮುಳ್ಳಿನ ದಾರಿಯಲ್ಲಿ ನಡೆಯಲು ಕೂಡ ಬಿಳಿಯೇ ಮೇಲು. ಬೆಳಕು ಕಡಿಮೆ ಮಾಡುವ ಗುಂಡಿಯಿರುವ ಕೆಂಪು ಟಾರ್ಚ್ ಬೇಕಾಗುವುದು ಮಸುಕಾದ ನೀಹಾರಿಕೆ (ಬಾಹ್ಯಾಕಾಶದ ಅನಿಲ-ಧೂಳಿನ ಮೋಡ) ಹುಡುಕುವವರಿಗೆ.