ಡಿಸ್ಟಾರ್ಶನ್ ಬಾಕ್ಸ್ ಕೊಳ್ಳುವ ಮೊದಲು ನಿಮ್ಮದೇ ಲೂಪ್ ಹಾಕಿ ಕೇಳಿ

ಮಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಮ್ಯೂಸಿಕ್ ಮಾಡುವವರು ಕಡಿಮೆ. ಅದರಲ್ಲಿ ಹಾರ್ಡ್‌ವೇರ್ ಇಟ್ಟುಕೊಂಡವರು ಇನ್ನೂ ಕಡಿಮೆ. ಹಾಗಾಗಿ ಯಾರಾದರೂ ಹೊಸಬರು ಸಿಕ್ಕಿದರೆ ಮೊದಲು ಕೇಳುವುದೇ ಇದು: "ಯಾವ ಡಿಸ್ಟಾರ್ಶನ್ ತಗೊಳ್ಳುವುದು ಮಾರಾಯ?" ಡಿಸ್ಟಾರ್ಶನ್ ಅಂದರೆ ಸದ್ದನ್ನು ಬೇಕೆಂದೇ ಹರಿದು ಒರಟು ಮಾಡುವ ಡಬ್ಬಿ, ಕಾಲಲ್ಲಿ ಒತ್ತುವ ಹಾಗೆ ಮಾಡಿದ್ದಾದರೆ ಪೆಡಲ್. ಕಳೆದ ಮೂರು ವರ್ಷದಲ್ಲಿ ಕದ್ರಿಯ ನನ್ನ ಕೋಣೆಯಲ್ಲಿ ಮೂರು ಡಿಸ್ಟಾರ್ಶನ್ ಪೆಡಲ್, ಪ್ರತಿಧ್ವನಿ, ಗುಂಗು ಸೇರಿಸುವ ಒಂದು ಡಿಲೇ-ರಿವರ್ಬ್ ಪೆಡಲ್ ಬಳಸಿದ್ದೇನೆ. ಮಣಿಪಾಲದ ಗೆಳೆಯನ ಮನೆಯಲ್ಲಿ ಒಂದು ದುಬಾರಿ ಬಾಕ್ಸನ್ನು ಎರಡು ವಾರಾಂತ್ಯ ಪೂರ್ತಿ ತಿರುವಿ ನೋಡಿದ್ದೇನೆ. ಎಲ್ಲದಕ್ಕೂ ನಾನು ಹಾಕಿದ್ದು ಮೂರೇ ಸದ್ದು: ಟಿಡಿ-3 ಅನ್ನುವ ಬೇಸ್ ಸಿಂಥಸೈಜರಿನ ಬೇಸ್‌ಲೈನ್, ಲ್ಯಾಪ್‌ಟಾಪಿನ ಕಿಕ್ ಡ್ರಮ್, ಮತ್ತೆ ಉಡುಪಿಯಲ್ಲಿ ರೆಕಾರ್ಡ್ ಮಾಡಿಕೊಂಡ ತಾಸೆ ಅನ್ನುವ ಚರ್ಮವಾದ್ಯ. ಹಾಗೆ ಎಲ್ಲದಕ್ಕೂ ಅದೇ ಸದ್ದುಗಳನ್ನು ಇಟ್ಟುಕೊಂಡು ಹೋಲಿಸಿದ್ದರಿಂದಲೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಲೆವೆಲ್ ವಿಷಯ ಹೇಳಿಬಿಡುತ್ತೇನೆ. ಇದು ಗೊತ್ತಿಲ್ಲದೆ ಒಳ್ಳೆ ಪೆಡಲನ್ನು "ಬರೀ ಕರಕರ" ಅಂತ ಬೈದು ಮಾರಿದವರನ್ನು ನೋಡಿದ್ದೇನೆ. ಈ ಪೆಡಲ್‌ಗಳೆಲ್ಲ ಗಿಟಾರಿಗೆ ಮಾಡಿದ್ದು. ಗಿಟಾರಿನಿಂದ ಬರುವ ಸಿಗ್ನಲ್ ತುಂಬಾ ಸಣ್ಣದು, ಹೆಚ್ಚಾಗಿ ಒಂದು ವೋಲ್ಟಿನ ಹತ್ತನೇ ಒಂದು ಪಾಲಿನ ಆಸುಪಾಸು. ಆದರೆ ಕಂಪ್ಯೂಟರಿನ ಸದ್ದನ್ನು ಹೊರಗೆ ಕೊಡುವ, ಒಳಗೆ ತರುವ ಡಬ್ಬಿಯಾದ ಆಡಿಯೋ ಇಂಟರ್‌ಫೇಸಿನ ಲೈನ್ ಔಟ್ ಹಾಗಲ್ಲ, ಸ್ಟುಡಿಯೋಗಳಲ್ಲಿ +4 ಡಿಬಿಯು ಅಂತ ಹೇಳುವ ಲೆವೆಲ್ ಅಂದರೆ ಸುಮಾರು 1.23 ವೋಲ್ಟ್. ಅದನ್ನು ಹಾಗೇ ಪೆಡಲಿಗೆ ಚುಚ್ಚಿದರೆ ಸದ್ದು ಎಷ್ಟು ಹರಿಯಬೇಕು ಅಂತ ಹೇಳುವ ಗೇನ್ ನಾಬ್ ಸೊನ್ನೆಯಲ್ಲಿದ್ದರೂ ಸದ್ದು ಹರಿದೇ ಬರುತ್ತದೆ. ಆಮೇಲೆ ನಾಬ್ ಎಷ್ಟು ತಿರುಗಿಸಿದರೂ ದೊಡ್ಡ ವ್ಯತ್ಯಾಸ ಇಲ್ಲ. ಇದಕ್ಕೆ ಲೈನ್ ಲೆವೆಲ್ಲನ್ನು ಗಿಟಾರಿನ ಮಟ್ಟಕ್ಕೆ ಇಳಿಸುವ ರೀ-ಆಂಪ್ ಬಾಕ್ಸ್ ಅಂತ ಬರುತ್ತದೆ, ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ನಡೆಯುತ್ತದೆ, ಆ ಔಟ್‌ಪುಟ್ಟನ್ನು ಸಾಫ್ಟ್‌ವೇರಿನಲ್ಲೇ 12ರಿಂದ 20 ಡಿಬಿ ಇಳಿಸಿ ಕಳಿಸಿ. ನಾನು ಈಗಲೂ ಮಾಡುವುದು ಅದನ್ನೇ. ಇಳಿಸಿದ ಕೂಡಲೇ ಗೇನ್ ನಾಬಿಗೆ ಜೀವ ಬರುತ್ತದೆ, ನಾಬನ್ನು ಗಡಿಯಾರದ ಮುಳ್ಳಿನ ಹಾಗೆ ನೋಡಿದರೆ ಒಂಬತ್ತು ಗಂಟೆಗೂ ಹನ್ನೊಂದು ಗಂಟೆಗೂ ಬೇರೆ ಬೇರೆ ಸದ್ದು ಕೇಳಿಸುತ್ತದೆ.

ಈಗ ರ‍್ಯಾಟ್ 2. ನಾನು ಮೊದಲು ತಗೊಂಡಿದ್ದು ಇದನ್ನೇ, ಇವತ್ತಿಗೂ ಜಾಸ್ತಿ ಬಳಸುವುದೂ ಇದನ್ನೇ. ಪ್ರೋಕೋ ಅನ್ನುವ ಅಮೆರಿಕದ ಕಂಪನಿ 1970ರ ದಶಕದ ಕೊನೆಯಲ್ಲಿ ರ‍್ಯಾಟ್ ಶುರು ಮಾಡಿತು. ನಾಬ್ ಇರುವುದು ಮೂರೇ: ಡಿಸ್ಟಾರ್ಶನ್, ಫಿಲ್ಟರ್, ವಾಲ್ಯೂಮ್. ಈ ಫಿಲ್ಟರ್ ಉಲ್ಟಾ ಕೆಲಸ ಮಾಡುತ್ತದೆ, ಬಲಕ್ಕೆ ತಿರುಗಿಸಿದಷ್ಟೂ ಸದ್ದು ಮಂಕಾಗುತ್ತದೆ. ಗಿಟಾರಿನವರಿಗೆ ಅದೊಂದು ಟೋನ್ ನಾಬ್ ಅಷ್ಟೇ. ನಮಗೆ ಮಾತ್ರ ಅದು ಆಟ ಆಡಿಸಬಹುದಾದ, ಮೇಲಿನ ಸದ್ದು ತಡೆದು ಕೆಳಗಿನದನ್ನು ಬಿಡುವ ಲೋ-ಪಾಸ್ ಫಿಲ್ಟರ್. ಲೂಪ್ ಓಡುತ್ತಿರುವಾಗ ಒಂದು ಕೈ ಅದರ ಮೇಲಿಟ್ಟು ನಿಧಾನಕ್ಕೆ ಎಡಕ್ಕೆ ಬಿಡುತ್ತಾ ಹೋದರೆ ಬೇಸ್‌ಲೈನ್ ಬಾಗಿಲು ತೆರೆದುಕೊಂಡು ಹೊರಗೆ ಬಂದ ಹಾಗಾಗುತ್ತದೆ.

ಹೋದ ವರ್ಷ ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ ಉಡುಪಿಗೆ ಹೋಗಿದ್ದಾಗ ರಥಬೀದಿಯಲ್ಲಿ ಹುಲಿವೇಷದ ತಾಸೆಯನ್ನು ಸಣ್ಣ ರೆಕಾರ್ಡರಿನಲ್ಲಿ ಹಿಡಿದು ತಂದಿದ್ದೆ. ಮನೆಗೆ ಬಂದು ಕೇಳಿದರೆ ತಾಸೆಯ ಪೆಟ್ಟು ಮಾತ್ರ ಚೂಪಾಗಿ ಕಿವಿಗೆ ಹೊಡೆಯುತ್ತಿತ್ತು, ಉಳಿದದ್ದೆಲ್ಲ ದೂರ ದೂರ. ಅದರಲ್ಲಿ ನಾಲ್ಕು ಸೆಕೆಂಡ್ ಕತ್ತರಿಸಿ ಲೂಪ್ ಮಾಡಿ ರ‍್ಯಾಟಿಗೆ ಕಳಿಸಿದೆ. ಡಿಸ್ಟಾರ್ಶನ್ ಹತ್ತು ಗಂಟೆಯಲ್ಲಿ, ಫಿಲ್ಟರ್ ಎರಡು ಗಂಟೆಯಲ್ಲಿ. ತಾಸೆಯ ತುದಿ ಮೊಂಡಾಯಿತು, ಅದರ ಹಿಂದಿದ್ದ ಡೋಲು ಎದುರಿಗೆ ಬಂದು ನಿಂತಿತು. ಎರಡು ಪೆಟ್ಟುಗಳ ನಡುವೆ ಜನರ ಗದ್ದಲ ಉಸಿರಾಡಿದ ಹಾಗೆ ಮೇಲೆದ್ದು ಇಳಿಯುತ್ತಿತ್ತು. ಮೂರನೇ ಪೆಟ್ಟಿನ ನಂತರ ಯಾರೋ ಒಬ್ಬ ಸಿಳ್ಳೆ ಹಾಕಿದ್ದಾನೆ, ರೆಕಾರ್ಡಿಂಗಿನಲ್ಲಿ ಅದು ಇದೆ ಅಂತಲೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಡಿಸ್ಟಾರ್ಶನ್ ಅಂದರೆ ಒಂದು ರೀತಿಯಲ್ಲಿ ವಿಪರೀತ ಕಂಪ್ರೆಶನ್ನೇ. ದೊಡ್ಡ ಸದ್ದಿನ ತಲೆ ಕತ್ತರಿಸುತ್ತದೆ, ಆಗ ಸಣ್ಣ ಸದ್ದು ತಾನಾಗಿ ಮೇಲೆ ಬರುತ್ತದೆ. ಓದಿ ಗೊತ್ತಿತ್ತು, ಆ ಸಿಳ್ಳೆ ಕೇಳಿದ ಮೇಲೆ ಅರ್ಥವಾಯಿತು.

ಆದರೆ ಕಿಕ್ ಡ್ರಮ್ಮಿಗೂ ಆಳದ ಬೇಸಿಗೂ ರ‍್ಯಾಟ್ ಒಂದೇ ಸಾಕಾಗುವುದಿಲ್ಲ. ಗಿಟಾರಿನ ಅತಿ ತಗ್ಗಿನ ತಂತಿಯೇ 82 ಹರ್ಟ್ಸ್. ಅದಕ್ಕಿಂತ ಕೆಳಗಿನದನ್ನು ಈ ಪೆಡಲ್‌ಗಳು ಕಾಪಾಡಬೇಕು ಅಂತ ಯಾರೂ ಮಾಡಿದ್ದಲ್ಲ. ನಮ್ಮ ಕಿಕ್ಕಿನ ಹೊಟ್ಟೆ ಇರುವುದೇ 50 ಹರ್ಟ್ಸ್ ಸುತ್ತ. ಪೆಡಲ್ ಹಾಕಿದ ಕೂಡಲೇ ಮಧ್ಯದ ಸದ್ದು ಕೂಗುತ್ತದೆ, ಕೆಳಗಿನ ತೂಕ ತೆಳ್ಳಗಾಗುತ್ತದೆ. ಟ್ಯೂಬ್ ಸ್ಕ್ರೀಮರ್ ಅನ್ನುವ ಹಸಿರು ಗಿಟಾರ್ ಪೆಡಲ್ ಮತ್ತು ಅದರ ನಕಲುಗಳಲ್ಲಿ ಇದು ಇನ್ನೂ ಜಾಸ್ತಿ, ಅವು ಬೇಸನ್ನು ಬೇಕೆಂದೇ ಕಡಿಮೆ ಮಾಡುತ್ತವೆ. ಗಿಟಾರಿಗೆ ಅದು ವರ, ಕಿಕ್ಕಿಗೆ ಅಲ್ಲ.

ಅದಕ್ಕೆ ಎರಡನೆಯದಾಗಿ ತಗೊಂಡಿದ್ದು ಬಾಸ್ ಕಂಪನಿಯ ಹಳದಿ ಓಡಿಬಿ-3. ಬೇಸ್ ಗಿಟಾರಿನವರಿಗೆ ಮಾಡಿದ ಪೆಡಲ್. ಇದರಲ್ಲಿ ಬ್ಯಾಲೆನ್ಸ್ ಅನ್ನುವ ನಾಬ್ ಉಂಟು, ಒಂದು ಕಡೆ ಸ್ವಚ್ಛ ಸದ್ದು, ಇನ್ನೊಂದು ಕಡೆ ಹರಿದ ಸದ್ದು, ಎಷ್ಟು ಬೇಕೋ ಅಷ್ಟು ಬೆರೆಸಬಹುದು. ನನ್ನ ಮಟ್ಟಿಗೆ ಎಲೆಕ್ಟ್ರಾನಿಕ್ ಮ್ಯೂಸಿಕ್ಕಿಗೆ ಡಿಸ್ಟಾರ್ಶನ್ ಹುಡುಕುವವರು ಮೊದಲು ನೋಡಬೇಕಾದದ್ದು ಈ ಒಂದು ನಾಬ್ ಇದೆಯಾ ಇಲ್ಲವಾ ಅಂತ. ಇದರ ಹರಿದ ಸದ್ದು ಮಾತ್ರ ಕೇಳಿದರೆ ಒರಟು, ಹೆಡ್‌ಫೋನಿನಲ್ಲಿ ಸ್ವಲ್ಪ ಮುಳ್ಳು ಮುಳ್ಳು. ಹೈ ನಾಬ್ ಇಳಿಸಿ, ಬ್ಯಾಲೆನ್ಸನ್ನು ಸ್ವಚ್ಛದ ಕಡೆಗೇ ಜಾಸ್ತಿ ಇಟ್ಟು, ಕಿಕ್ಕಿಗೆ ಹಾಕಿ ನೋಡಿ. ತೂಕ ಹಾಗೇ ಇರುತ್ತದೆ, ಮೇಲೆ ಒಂದು ಪದರ ಸಿಟ್ಟು ಸೇರುತ್ತದೆ. ಫೋನಿನ ಸಣ್ಣ ಸ್ಪೀಕರಿನಲ್ಲೂ ಕಿಕ್ ಕೇಳಿಸಲು ಶುರುವಾಗುತ್ತದೆ.

ಈ ಬೆರೆಸುವ ಕೆಲಸವನ್ನು ಕಂಪ್ಯೂಟರಿನೊಳಗೂ ಮಾಡಬಹುದಲ್ವಾ ಅಂತ ಕೇಳಬಹುದು. ಮಾಡಬಹುದು, ಆದರೆ ಎರಡು ಕಡೆ ಜೋಪಾನ. ಸದ್ದು ಇಂಟರ್‌ಫೇಸಿನಿಂದ ಹೊರಗೆ ಹೋಗಿ ಪೆಡಲ್ ಸುತ್ತಿ ವಾಪಸು ಬರುವಷ್ಟರಲ್ಲಿ ಕೆಲವು ಮಿಲಿಸೆಕೆಂಡ್ ತಡವಾಗಿರುತ್ತದೆ. ಆ ತಡವನ್ನು ಸರಿಮಾಡದೆ ಮೂಲದ ಜೊತೆ ಬೆರೆಸಿದರೆ ಸದ್ದು ಟೊಳ್ಳಾಗುತ್ತದೆ. ಏಬಲ್‌ಟನ್ ಅನ್ನುವ ಸಂಗೀತದ ಸಾಫ್ಟ್‌ವೇರಿನಲ್ಲಿ ಎಕ್ಸ್‌ಟರ್ನಲ್ ಆಡಿಯೋ ಎಫೆಕ್ಟ್ ಅಂತ ಇದೆ, ಅದರಲ್ಲಿ ಹಾರ್ಡ್‌ವೇರ್ ಲೇಟೆನ್ಸಿ ಸರಿಹೊಂದಿಸಬಹುದು. ಎರಡನೆಯದು ಫೇಸ್. ಕೆಲವು ಪೆಡಲ್ ಸಿಗ್ನಲನ್ನು ತಲೆಕೆಳಗು ಮಾಡಿ ಕೊಡುತ್ತವೆ. ಬೆರೆಸಿದಾಗ ಬೇಸ್ ಹೆಚ್ಚಾಗುವ ಬದಲು ಮಾಯವಾದರೆ ಫೇಸ್ ಬಟನ್ ಒತ್ತಿ ನೋಡಿ, ಹತ್ತರಲ್ಲಿ ಎಂಟು ಸಲ ಅಲ್ಲಿಗೇ ಸರಿಯಾಗುತ್ತದೆ.

ಅಡಾಪ್ಟರ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಗರದ ಒಂದು ಅಂಗಡಿಯಲ್ಲಿ "9 ವೋಲ್ಟ್ ಅಲ್ವಾ, ಇದೇ ಆಗುತ್ತದೆ" ಅಂತ ಕೊಟ್ಟ ಅಡಾಪ್ಟರನ್ನು ಓಡಿಬಿ-3ಕ್ಕೆ ಚುಚ್ಚಿದೆ. ಲೈಟ್ ಬರಲಿಲ್ಲ, ಸದ್ದೂ ಬರಲಿಲ್ಲ, ಐದು ನಿಮಿಷದಲ್ಲಿ ಬಿಸಿ ವಾಸನೆ ಬಂತು. ಇಂಥ ಪೆಡಲ್‌ಗಳಿಗೆ ಪಿನ್ನಿನ ನಡುವೆ ಮೈನಸ್ ಇರಬೇಕು. ಆ ಅಡಾಪ್ಟರಿನಲ್ಲಿ ನಡುವೆ ಪ್ಲಸ್ ಇತ್ತು, ಮೇಲೆ ಗುರುತೂ ಇರಲಿಲ್ಲ. ತುಂಬಾ ಬೇಜಾರಾಯಿತು, ಇಷ್ಟಪಟ್ಟು ತಗೊಂಡ ವಸ್ತು. ಹಂಪನಕಟ್ಟೆಯ ಹತ್ತಿರ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರು ಬಿಚ್ಚಿ ನೋಡಿ, "ಹೆದರಬೇಡಿ, ಎಂತದೂ ಆಗಲಿಲ್ಲ, ಕಾವಲಿಗೆ ಇಟ್ಟ ಡಯೋಡ್ ಹೋಗಿದೆ ಅಷ್ಟೇ" ಅಂದರು. ಸುಟ್ಟ ಕಪ್ಪು ಡಯೋಡನ್ನು ಅಂಗೈ ಮೇಲಿಟ್ಟು ತೋರಿಸಿದರು. ಜೀರಿಗೆಗಿಂತ ಸ್ವಲ್ಪ ದೊಡ್ಡದು. ಉಲ್ಟಾ ಕರೆಂಟ್ ಬಂದಾಗ ಅದು ತಾನು ಸುಟ್ಟುಕೊಂಡು ಉಳಿದದ್ದನ್ನು ಉಳಿಸಿತ್ತು. ಹೊಸದು ಹಾಕಿ ಕೊಟ್ಟರು, ಈಗಲೂ ಅದೇ ಪೆಡಲ್ ಓಡುತ್ತಿದೆ. ಹಾಗಾಗಿ ಅಡಾಪ್ಟರ್ ತಗೊಳ್ಳುವಾಗ ಪ್ಲಸ್-ಮೈನಸ್ ಎಲ್ಲಿ ಅಂತ ತೋರಿಸುವ ಸಣ್ಣ ವೃತ್ತದ ಚಿತ್ರ ನೋಡಿಯೇ ತಗೊಳ್ಳಿ. ಮಿಲಿಆಂಪ್ ಕೂಡ ನೋಡಿ. ಅನಲಾಗ್ ಡಿಸ್ಟಾರ್ಶನ್ ಸ್ವಲ್ಪವೇ ಕರೆಂಟ್ ಕುಡಿಯುತ್ತದೆ, ಡಿಜಿಟಲ್ ಡಿಲೇ-ರಿವರ್ಬ್‌ಗೆ ನೂರರ ಮೇಲೆ ಬೇಕಾಗುತ್ತದೆ. ಎರಡನ್ನೂ ಒಂದೇ ವೈರಿನಲ್ಲಿ ಕವಲು ಹಾಕಿ ಕೊಟ್ಟರೆ ಡಿಜಿಟಲ್ ಪೆಡಲಿನ ಕೀರಲು ಸದ್ದು ಡಿಸ್ಟಾರ್ಶನ್ನಿಗೆ ನುಗ್ಗಿ ಹತ್ತು ಪಟ್ಟಾಗಿ ಹೊರಬರುತ್ತದೆ. ಪ್ರತಿ ಔಟ್‌ಪುಟ್ಟೂ ಬೇರೆ ಬೇರೆಯಾಗಿರುವ ಐಸೊಲೇಟೆಡ್ ಸಪ್ಲೈಗೆ ದುಡ್ಡು ಹಾಕಿ, ಮೂರನೇ ಪೆಡಲ್ ಆಮೇಲೆ ನೋಡಿಕೊಳ್ಳಬಹುದು.

ಬೆಹ್ರಿಂಗರ್ ಎಸ್‌ಎಫ್300 ನನ್ನ ಮೂರನೇ ಡಿಸ್ಟಾರ್ಶನ್ ಪೆಡಲ್, ಇವುಗಳಲ್ಲೆಲ್ಲ ಅಗ್ಗ. ಪ್ಲಾಸ್ಟಿಕ್ ಮೈ, ಹಾಗಾಗಿ ನಾನು ಕಾಲಲ್ಲಿ ಒತ್ತುವುದಿಲ್ಲ, ಮೇಜಿನ ಮೇಲೆ ಕೈಯಲ್ಲೇ. ಎರಡು ಬಗೆಯ ಫಝ್ ಅಂದರೆ ಇನ್ನೂ ಒರಟಾದ ಡಿಸ್ಟಾರ್ಶನ್, ಮತ್ತೆ ಸದ್ದು ಏರಿಸುವ ಒಂದು ಬೂಸ್ಟ್. ಒಂದೊಂದೇ ಸ್ವರ ನುಡಿಸುವ ಬೇಸ್‌ಲೈನಿಗೆ ಇದು ಅದ್ಭುತ, ಮೇಲಿನ ಸ್ಥಾಯಿಯ ಸ್ವರವೂ ಜೊತೆಗೆ ಹುಟ್ಟಿ ಕಬ್ಬಿಣ ಕೊಯ್ದ ಹಾಗೆ ಕೇಳುತ್ತದೆ. ಎರಡು ಸ್ವರ ಒಟ್ಟಿಗೆ ಒತ್ತಿದರೆ ಮಾತ್ರ ಎಲ್ಲ ಕಲಸುಮೇಲೋಗರ. ಹಲವು ಸ್ವರ ಒಟ್ಟಿಗೆ ಕೇಳುವ ಕಾರ್ಡ್, ಪ್ಯಾಡ್ ಇದಕ್ಕೆ ಹಾಕಬೇಡಿ. ಟಿಡಿ-3 ಇರುವವರಿಗೆ ಇನ್ನೊಂದು ಮಾತು: ಅದರೊಳಗೇ ಇರುವ ಡಿಸ್ಟಾರ್ಶನ್ ಬಾಸ್ ಡಿಎಸ್-1ರ ಮಾದರಿಯದ್ದು. ಕಿತ್ತಳೆ ಬಣ್ಣದ ಆ ಪೆಡಲನ್ನು ಮತ್ತೆ ದುಡ್ಡು ಕೊಟ್ಟು ತರುವ ಅಗತ್ಯ ಇಲ್ಲ. ಟಿಡಿ-3 ಯಾವುದರ ನಕಲೋ ಆ ಟಿಬಿ-303 ಯಂತ್ರದ ಡಿಸ್ಟಾರ್ಶನ್ ಇಲ್ಲದ ಸದ್ದೂ ಎಷ್ಟು ಚೆಂದ ಅಂತ ಗೊತ್ತಾಗಬೇಕಾದರೆ ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ಆ ಯಂತ್ರದಲ್ಲಿ ನುಡಿಸಿದ ರಾಗಗಳನ್ನು ಕೇಳಿ. ಅದನ್ನು ಕೇಳಿದ ಮೇಲೆ ನಾನು ಗೇನ್ ಅರ್ಧ ಕಡಿಮೆ ಮಾಡಿದ್ದೇನೆ.

ಮಣಿಪಾಲದಲ್ಲಿ ನೋಡಿದ ದುಬಾರಿ ಬಾಕ್ಸ್ ಎಲೆಕ್ಟ್ರಾನ್ ಕಂಪನಿಯ ಅನಲಾಗ್ ಹೀಟ್. 2016ರಲ್ಲಿ ಬಂದದ್ದು. ಎಂಟು ಬಗೆಯ ಡಿಸ್ಟಾರ್ಶನ್ ಸರ್ಕ್ಯೂಟ್, ಅನಲಾಗ್ ಫಿಲ್ಟರ್, ಬೆರೆಸುವ ನಾಬ್, ಎಲ್ಲಾ ಸ್ಟೀರಿಯೋ. ಲೈನ್ ಲೆವೆಲ್ಲಿಗೇ ಮಾಡಿದ್ದು, ಹಾಗಾಗಿ ನಾನು ಮೇಲೆ ಹೇಳಿದ ಇಳಿಸುವ ಸರ್ಕಸ್ ಯಾವುದೂ ಬೇಡ. ಯುಎಸ್‌ಬಿಯಲ್ಲಿ ಜೋಡಿಸಿದರೆ ಪ್ಲಗಿನ್ ತರಹವೂ ಬಳಸಬಹುದು. ಪೂರ್ತಿ ಹಾಡನ್ನೇ ಅದರೊಳಗೆ ಹಾಯಿಸಿದೆವು. ಮೊದಲ ಎರಡು ಮೂರು ಸರ್ಕ್ಯೂಟಿನಲ್ಲಿ ಸದ್ದು ಹರಿಯುವುದಿಲ್ಲ, ದಪ್ಪವಾಗುತ್ತದೆ, ಕಿಕ್ಕೂ ಬೇಸೂ ಒಂದೇ ಕೋಣೆಯಲ್ಲಿ ಕೂತ ಹಾಗೆ. ಮೋನೋ ಪೆಡಲ್‌ಗಳಲ್ಲಿ ಈ ಕೆಲಸ ಆಗುವುದಿಲ್ಲ. ಬೆಲೆ ಮಾತ್ರ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರಿನಷ್ಟು. ಹೊರಗಿನಿಂದ ತರಿಸಿದರೆ ಕಸ್ಟಮ್ಸ್ ಸೇರಿ ಇನ್ನೂ ಮೇಲೆ. ಪೂರ್ತಿ ಮಿಕ್ಸಿಗೆ ಬಳಸುವವರು, ಲೈವ್ ನುಡಿಸುವವರು ತಗೊಳ್ಳಲಿ. ಒಂದು ಬೇಸ್‌ಲೈನ್ ಕೆರಳಿಸುವುದಕ್ಕೆ ಅಷ್ಟು ಬೇಡ.

ಡಿಲೇ-ರಿವರ್ಬ್‌ಗೆ ಝೂಮ್ ಎಂಎಸ್-70ಸಿಡಿಆರ್ ಇಟ್ಟುಕೊಂಡಿದ್ದೇನೆ. ಅಂಗೈಯಗಲ, ಸ್ಟೀರಿಯೋ, ಒಳಗೆ 86 ಎಫೆಕ್ಟ್. ಸ್ಕ್ರೀನ್ ಚಿಕ್ಕದು, ಮೆನುವಿನಲ್ಲಿ ಓಡಾಡಲು ತಾಳ್ಮೆ ಬೇಕು. ಇದನ್ನು ಎಲ್ಲರೂ ಡಿಸ್ಟಾರ್ಶನ್ನಿನ ನಂತರ ಇಡುತ್ತಾರೆ, ಅದೇ ಸರಿ ಕೂಡ. ಒಮ್ಮೆ ಮೊದಲು ಇಟ್ಟು ನೋಡಿ. ಉದ್ದದ ರಿವರ್ಬ್ ರ‍್ಯಾಟಿನೊಳಗೆ ಹೋದಾಗ ಬಾಲವೆಲ್ಲ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ, ಪಣಂಬೂರಿನಲ್ಲಿ ಜುಲೈ ತಿಂಗಳ ಕಡಲು ಕೇಳಿದ್ದರೆ ನಾನು ಹೇಳುವುದು ಗೊತ್ತಾಗುತ್ತದೆ.

ಮಳೆಗಾಲದ ಮಾತೂ ಬಂತು. ನಮ್ಮ ಕಡೆಯ ತೇವಕ್ಕೆ, ಉಪ್ಪು ಗಾಳಿಗೆ ಈ ಡಬ್ಬಿಗಳು ಬೇಗ ಹಾಳಾಗುತ್ತವೆ. ಕೇಬಲ್ ಚುಚ್ಚುವ ತೂತಿನಲ್ಲಿ ಕಿಲುಬು, ನಾಬ್ ತಿರುಗಿಸಿದರೆ ಚರಚರ. ಬಳಸದ ದಿನ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ವರ್ಷಕ್ಕೊಮ್ಮೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪ್ರತಿ ನಾಬನ್ನು ಇಪ್ಪತ್ತು ಸಲ ತಿರುಗಿಸುತ್ತೇನೆ. ಗುಡುಗು ಶುರುವಾದರೆ ಎಲ್ಲ ಪ್ಲಗ್ ಕೀಳುವುದು. ಗುಂಯ್ ಅನ್ನುವ 50 ಹರ್ಟ್ಸಿನ ಹಮ್ ಬಂದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಕೇಳಿ. ನಿಂತರೆ ಪೆಡಲ್ ತಪ್ಪಲ್ಲ. ಹಮ್ ಹೋಗಲಿ ಅಂತ ಅರ್ಥ್ ಪಿನ್ ಮಾತ್ರ ಯಾವತ್ತೂ ಕತ್ತರಿಸಬೇಡಿ.

ಮೊನ್ನೆ ಸುರತ್ಕಲ್ಲಿನ ಕಾಲೇಜು ಹುಡುಗನೊಬ್ಬ ಬಂದಿದ್ದ. ರ‍್ಯಾಟ್ ಬೇಕು ಅಂತ ವಿಡಿಯೋ ನೋಡಿ ನಿರ್ಧಾರ ಮಾಡಿಕೊಂಡೇ ಬಂದಿದ್ದ. "ನಿನ್ನ ಲೂಪ್ ಕೊಡು ಮೊದಲು" ಅಂದೆ. ಪೆನ್‌ಡ್ರೈವಿನಲ್ಲಿ ತಂದಿದ್ದ, ಒಂದೊಂದೇ ಸ್ವರದ ಸಣ್ಣ ಬೇಸ್‌ಲೈನ್. ಮೂರೂ ಪೆಡಲಿನ ವಾಲ್ಯೂಮ್ ಮೀಟರ್ ನೋಡಿ ಸಮ ಮಾಡಿದೆ, ಯಾಕೆಂದರೆ ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅಂತ ಕಿವಿ ಹೇಳಿಬಿಡುತ್ತದೆ. ಯಾವುದು ಯಾವುದು ಅಂತ ಹೇಳದೆ ಹಾಕಿದೆ. ಮೂರು ಸಲವೂ ಅವನು ಕೈ ಎತ್ತಿದ್ದು ಅಗ್ಗದ ಎಸ್‌ಎಫ್300ಕ್ಕೆ. "ಅಣ್ಣಾ, ಇದೇ ಸಾಕು" ಅಂದ. ಉಳಿದ ದುಡ್ಡಿನಲ್ಲಿ ಒಳ್ಳೆ ಅಡಾಪ್ಟರ್ ಮತ್ತು ಎರಡು ಕೇಬಲ್ ಬಂತು. ಅಡಾಪ್ಟರಿನ ವೈರಿಗೆ ಒಂದು ಚೀಟಿ ಸುತ್ತಿ ಟೇಪ್ ಹಚ್ಚಿ ಕೊಟ್ಟೆ: "ನಡುವೆ ಮೈನಸ್".